ಸ್ವಿಫ್ಟ್ ಬಂದ ವರ್ಷ ಅತ್ತೆ ಕಾರು ಕಲಿತದ್ದು

ಹೋದ ತಿಂಗಳು ಶಿರಸಿಗೆ ಹೋದಾಗ ಯಲ್ಲಾಪುರ ನಾಕೆಯ ಹತ್ತಿರ, ಒಂದು ಗ್ಯಾರೇಜಿನ ಎದುರು, ಹಳೇ ಏಟ್ ಹಂಡ್ರೆಡ್ ಕಾರೊಂದು ನಿಂತಿತ್ತು. ನಾಲ್ಕೂ ಬಾಗಿಲು ತೆರೆದಿಟ್ಟಿದ್ದರು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಎರಡೂ ಕೈಯಲ್ಲಿ ಚೀಲ ಬೇರೆ. ಆದರೂ ಹೋಗಿ ಒಳಗೆ ತಲೆ ಹಾಕಿದೆ. ಬಿಸಿಲಿಗೆ ಕಾದ ರೆಕ್ಸಿನ್ನು, ಅದರಡಿಯ ಹಳೇ ಸ್ಪಂಜು, ಎಲ್ಲಿಂದಲೋ ಸಣ್ಣಗೆ ಪೆಟ್ರೋಲು. ಆ ವಾಸನೆಗೆ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗಬಹುದು, ನಗಿ. ಗ್ಯಾರೇಜಿನವ "ಎಂತ ಬೇಕಿತ್ತು ಅಕ್ಕಾ?" ಅಂದ. ಎಂತ ಅಂತ ಹೇಳೂದು? "ಎಂತ ಇಲ್ಲ ಮಾರಾಯ, ಸುಮ್ನೆ ಮೂಸ್ತಾ ಇದ್ದೆ" ಅಂದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಚೀಲ ಎತ್ತಿಕೊಂಡು ಸೀದಾ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.

ಆ ವಾಸನೆಯಲ್ಲಿ ಒಂದು ಕಡಿಮೆ ಇತ್ತು, ಇಂಗು. ಸುಮತಿ ಅತ್ತೆಯ ಕಾರಿನಲ್ಲಿ ರೆಕ್ಸಿನ್ನಿಗಿಂತ ಇಂಗಿನದೇ ಜೋರು. ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಶಿರಸಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದಳು. ಹಾಕುವವಳು ಅವಳು. ಸಿದ್ದಾಪುರ, ಯಲ್ಲಾಪುರ, ಬನವಾಸಿಯ ಅಂಗಡಿಗಳಿಗೆ ಭರಣಿ ಮುಟ್ಟಿಸಿ ಬರುವವ ಅವಳ ಗಂಡ ಗಜಾನನ ಮಾವ. ಅಂಥ ಮಾವ ಒಂದು ದಿನ ಎದೆನೋವು ಅಂತ ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಗ ನಾನು ಬಿ.ಎಡ್. ಮುಗಿಸಿ, ನೌಕರಿಯ ಆರ್ಡರಿಗೆ ಕಾಯುತ್ತ, ಮನೆಯಲ್ಲಿ ದಿನಾ ಎಲ್ಲರ ಜೊತೆ ಜಗಳ ಆಡಿಕೊಂಡಿದ್ದೆ. "ಇಲ್ಲಿ ಕೂತು ನಮ್ಮ ತಲೆ ತಿನ್ನೂದಕ್ಕಿಂತ ಅತ್ತೆಗೆ ಜೊತೆಯಾಗಿರು" ಅಂತ ಅಪ್ಪ ಕಳಿಸಿದ. ಹಾಗೆ ನಾನು ಶಿರಸಿಗೆ ಬಂದದ್ದು 2005ರ ಮಳೆಗಾಲದಲ್ಲಿ. ಸ್ವಿಫ್ಟ್ ಕಾರು ಹೊಸದಾಗಿ ಬಂದ ವರ್ಷ.

ಕಾರಿನ ವಿಷಯ ಬಂದರೆ ಆ ಮನೆಯಲ್ಲಿ ಜಾತಕ ತೆಗೆದ ಹಾಗೆಯೇ. ಮಾವ ಬದುಕಿದ್ದಾಗ ನಾವು ರಜೆಗೆ ಹೋದರೆ ಊಟಕ್ಕೆ ಕೂತಲ್ಲೇ ಶುರು ಮಾಡುತ್ತಿದ್ದ. ಮೊದಲು ಬಂದದ್ದು ಚೌಕ ಮೋರೆಯ ಡಬ್ಬಿ, ಅದು ಅಜ್ಜ. ಅದರ ಸಾಮಾನೆಲ್ಲ ಜಪಾನಿನಿಂದ ಹಡಗಿನಲ್ಲಿ ಬರುತ್ತಿತ್ತಂತೆ, ಇಲ್ಲಿ ಜೋಡಿಸುವುದು ಮಾತ್ರ. ಶಿರಸಿಯಲ್ಲಿ ಅದನ್ನು ಇಟ್ಟುಕೊಂಡವರು ಮಾರಿಕಾಂಬೆಗೆ ಹೋದರೂ ಸುತ್ತ ಜನ ಸೇರುತ್ತಿದ್ದರಂತೆ, ದೇವಿಗೆ ಅಲ್ಲ, ಕಾರಿಗೆ. ಆಮೇಲೆ ಮೂಗು ಸ್ವಲ್ಪ ಇಳಿಸಿ, ಕೆನ್ನೆ ನಯ ಮಾಡಿ ಬಂದದ್ದು ಅಪ್ಪ. ನಮ್ಮ ಗಾಡಿ ಆ ಪೀಳಿಗೆಯದು. ತೊಂಬತ್ತರ ದಶಕದಲ್ಲಿ ಮಾವ ಅದನ್ನು ಹುಬ್ಬಳ್ಳಿಯ ಡಾಕ್ಟರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದ, ಕೆಂಪು ಬಣ್ಣ. ಝೆನ್ ಅಂದರೆ ಪೇಟೆಯ ಚಿಕ್ಕಪ್ಪ: ಓಟ ಭಾರೀ ಚುರುಕು, ಆದರೆ ನಮ್ಮ ರಸ್ತೆಯಲ್ಲಿ ಹೊಟ್ಟೆ ತಾಗುವವ. ಆಮೇಲೆ ಕಾರ್ಬ್ಯುರೇಟರು ಹೋಗಿ ಇಂಜೆಕ್ಷನ್ ಬಂತು, ಚೋಕ್ ಹೋಯಿತು. ಇದು ಮಾವನಿಗೆ ಕಡೇವರೆಗೂ ಸರಿ ಬರಲಿಲ್ಲ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಎಕ್ಸಿಲರೇಟರು ನಿಧಾನ ಒತ್ತಿ, "ಏಳು ಮಾರಾಯ್ತಿ, ಏಳು" ಅಂತ ಮಾತಾಡಿಸಿ ಎಬ್ಬಿಸದಿದ್ದರೆ ಅದೆಂಥ ಗಾಡಿ ಅನ್ನುತ್ತಿದ್ದ. ಸ್ವಿಫ್ಟ್ ಬರುವುದರೊಳಗೆ ಅವನೇ ಹೋದ. ಇದ್ದಿದ್ದರೆ ಎಂತ ಹೆಸರಿಡುತ್ತಿದ್ದನೋ ದೇವರಿಗೇ ಗೊತ್ತು.

ಇನ್ನೊಂದು ಹೇಳಬೇಕು, ಯಾಕೆಂದರೆ ಇದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ರಸ್ತೆಯೆಂದರೆ ಏರು, ಇಲ್ಲ ಇಳಿ. ಸಮ ಅನ್ನುವುದು ಕಡಿಮೆ. ಅದಕ್ಕೆ ನಮ್ಮ ಗಂಡಸರೆಲ್ಲ ಇಳಿಜಾರು ಬಂದ ಕೂಡಲೇ ಗಾಡಿ ನ್ಯೂಟ್ರಲ್ಲಿಗೆ ತಂದು ಇಂಜಿನ್ ಬಂದ್ ಮಾಡುತ್ತಿದ್ದರು. ಪೆಟ್ರೋಲು ಉಳೀತದೆ ಅಂತ ಹೆಸರು. ನಿಜವಾಗಿ ಅದೊಂದು ಪಂದ್ಯ. ಕಾನಸೂರಿನ ದಾರಿಯಲ್ಲಿ ಯಾವ ಮರದ ಬುಡದಲ್ಲಿ ಬಂದ್ ಮಾಡಿದರೆ ಯಾವ ಮೋರಿ ತನಕ ಹೋಗುತ್ತದೆ, ಯಾರದ್ದು ಮೋರಿ ದಾಟಿತು, ಯಾರದ್ದು ಇತ್ತಲಾಗೇ ನಿಂತಿತು ಅಂತ ಮದುವೆಮನೆಯ ಪಂಕ್ತಿಯಲ್ಲಿ ಕೂತು ವಾದ ಮಾಡುತ್ತಿದ್ದರು. ಹಳೇ ಗಾಡಿಗೆ ಅದೇನೂ ಬಾಧಿಸುತ್ತಿರಲಿಲ್ಲ. ಸ್ಟೇರಿಂಗು ತಿರುಗುವುದು ತೋಳಿನ ಬಲದಿಂದ, ಇಂಜಿನ್ ಇರಲಿ ಬಿಡಲಿ. ಬ್ರೇಕನ್ನು ಪುಕ್ ಪುಕ್ ಅಂತ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯುತ್ತಿದ್ದರು. ಮಾವನೂ ಹಾಗೆ, ಮಾವನ ಅಣ್ಣನೂ ಹಾಗೆ.

ಮಾವನ ಅಣ್ಣ, ನಾವು ದೊಡ್ಡ ಮಾವ ಅನ್ನುತ್ತಿದ್ದವರು, ಅದೇ ಅಂಗಳದ ಆಚೆ ಮನೆಯವರು. ನೌಕರಿಯಿಂದ ರಿಟೈರಾಗಿದ್ದರು. ಒಳ್ಳೆಯವರೆಂದರೆ ಒಳ್ಳೆಯವರು, ಕೆಟ್ಟ ಮಾತೊಂದು ಬಾಯಲ್ಲಿ ಬಾರದು. ತಮ್ಮ ಹೋದ ಮೇಲೆ ಅತ್ತೆಯನ್ನು ಒಂದು ಬೇಲಿಯಷ್ಟು ಹತ್ತಿರದಿಂದ ಕಾಯುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಅತ್ತೆಗೆ ಯಲ್ಲಾಪುರದ ಅಂಗಡಿಗೆ ಭರಣಿ ಮುಟ್ಟಿಸಬೇಕೆಂದರೆ ಕೆಂಪು ಗಾಡಿ ಓಡಿಸಲು ದೊಡ್ಡ ಮಾವ ಬರಬೇಕು. ಅವರು ಬರುತ್ತಿದ್ದರು, ಒಂದು ದಿನವೂ ಇಲ್ಲ ಅನ್ನಲಿಲ್ಲ. ಆದರೆ ಮೊದಲು ಅವರ ಪೂಜೆ ಆಗಬೇಕು, ಆಮೇಲೆ ತಿಂಡಿ, ಆಮೇಲೆ ಪೇಪರು. "ಇವತ್ತು ಶನಿವಾರ, ನಾಳೆ ನೋಡ್ವ." "ಮಳೆ ಬರೂ ಹಾಗಿದೆ, ನಾಡಿದ್ದು ಹೋಗ್ವ." ಅತ್ತೆ ಸೀರೆ ಉಟ್ಟು, ಭರಣಿಗಳ ಬಾಯಿಗೆ ಬಟ್ಟೆ ಕಟ್ಟಿ, ಚಪ್ಪಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದಳು. ಅವಳನ್ನು ಹಾಗೆ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಬಸ್ಸಿಗೆ ಕಾಯುವವರ ಮುಖದಲ್ಲಿ ಸಿಟ್ಟಾದರೂ ಇರುತ್ತದೆ, ಅವಳ ಮುಖದಲ್ಲಿ ಅದೂ ಇರುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ದೊಡ್ಡ ಮಾವ ಸ್ವಿಫ್ಟ್ ನೋಡಿದರು. ಯಾರದೋ ಗಾಡಿ ಪೇಟೆಯಲ್ಲಿ ನಿಂತಿತ್ತಂತೆ. ಮುಂದಿಂದ ಒಮ್ಮೆ, ಹಿಂದಿಂದ ಒಮ್ಮೆ ಸುತ್ತು ಬಂದರಂತೆ. "ಇದು ಏಟ್ ಹಂಡ್ರೆಡ್ಡಿನ ಸಂತಾನ ಅಂದ್ರೆ ನಂಬ್ಲಿಕ್ಕೆ ಸಾಧ್ಯ ಇಲ್ಲ ಸುಮತೀ. ಗೋಣು ಗಟ್ಟಿ, ಸೊಂಟ ಗಟ್ಟಿ. ಮೊಮ್ಮಗ ಪೈಲ್ವಾನ ಹುಟ್ಟಿದಾನೆ." ಮರುದಿನವೇ ಹುಬ್ಬಳ್ಳಿಗೆ ಹೋಗಿ ಬುಕ್ ಮಾಡಿ ಬಂದರು. ಆಗ ಸ್ವಿಫ್ಟಿಗೆ ತಿಂಗಳುಗಟ್ಟಲೆ ಪಾಳಿ. ಹುಬ್ಬಳ್ಳಿಯಿಂದ ಬಂದ ಸಂಜೆಯೇ ಜಗಲಿಯಲ್ಲಿ ಚಹಾ ಕುಡಿಯುತ್ತ, ಬಹಳ ಅಕ್ಕರೆಯಿಂದ ಹೇಳಿದರು:

"ಅದು ಬಂದ ಮೇಲೆ ಈ ಹಳೇದನ್ನು ಕೊಟ್ಟುಬಿಡ್ವ. ಒಂದು ಅಂಗಳಕ್ಕೆ ಎರಡು ಗಾಡಿ ಎಂತಕ್ಕೆ? ನಿಂಗೆ ಎಲ್ಲಿಗೆ ಹೋಗ್ಬೇಕು ಹೇಳು, ನಾ ಕರ್ಕೊಂಡು ಹೋಗ್ತೆ. ನಾ ಇಲ್ವಾ?"

ಅತ್ತೆ ಸೆರಗಿನ ತುದಿಯಿಂದ ಚಹಾದ ಲೋಟದ ಅಂಚು ಒರೆಸುತ್ತ ಕೂತಿದ್ದಳು. ಮೆತ್ತಗೆ, ಯಾರನ್ನೂ ನೋಡದೆ ಅಂದಳು: "ನಾನೇ ಗಾಡಿ ಕಲ್ತುಕೊಳ್ತೆ ಭಾವ."

ನನ್ನ ಬಾಯಿಂದ ಚಹಾ ಹೊರಗೆ ಬಂತು. ದೊಡ್ಡ ಮಾವ ಮಾತ್ರ ನಗಲಿಲ್ಲ ಅಂತ ಅವರಿಗೆ ಮಾರ್ಕು ಕೊಡಬೇಕು. ಹುಬ್ಬು ಮೇಲೆ ಮಾಡಿ, "ಕಲಿ, ಅಡ್ಡಿಲ್ಲ. ಸ್ವಿಫ್ಟ್ ಬರೂದರೊಳಗೆ ಕಲಿತರೆ ಹಳೇದು ನಿಂಗೇ ಇರ್ಲಿ" ಅಂದರು, ಸಣ್ಣ ಮಕ್ಕಳಿಗೆ ಚಂದ್ರನನ್ನು ಕೊಡಿಸುತ್ತೇನೆ ಅಂದ ಧಾಟಿಯಲ್ಲಿ. ಅವರು ಹೋದ ಮೇಲೆ ನಾನು, "ಮಾವನ ನೆನಪಿಗೆ ಗಾಡಿ ಇಟ್ಕೊಳ್ಳೂದಾ ಅತ್ತೆ?" ಅಂತ ಕೇಳಿದೆ. ಅವಳು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು. "ಅವರ ನೆನಪಿಗೆ ಗಾಡಿ ಬೇಕೇನೇ? ನಂಗೆ ಹೋಗ್ಬೇಕಾದಾಗ ಹೋಗ್ಬೇಕು, ಅಷ್ಟೆ. ಯಾರನ್ನೂ ಕೇಳದೆ." ಅತ್ತೆಗೆ ಬೇಕಾಗಿದ್ದದ್ದು ಅಷ್ಟೇ.

ಡ್ರೈವಿಂಗ್ ಸ್ಕೂಲಿನ ಬಸಣ್ಣ ಮಾಸ್ತರರು ಹಾನಗಲ್ ಕಡೆಯವರು. ಅವರದ್ದೂ ಏಟ್ ಹಂಡ್ರೆಡ್ಡೇ, ಬಿಳಿ, ಮೈಮೇಲೆಲ್ಲ ಹಿಂದಿನ ವಿದ್ಯಾರ್ಥಿಗಳ ಗುರುತು. ಎಡಗಡೆ ಅವರ ಕಾಲಡಿಗೊಂದು ಬ್ರೇಕ್ ಇತ್ತು, ಆದರೆ ಅದು ಹೆಸರಿಗೆ. ಮಾಸ್ತರರ ಬಲಗೈ ಸದಾ ಹ್ಯಾಂಡ್‌ಬ್ರೇಕಿನ ಮೇಲೆ. ಪಾಠದ ಹೊತ್ತಿಗೆ ನಾನು ಹಿಂದಿನ ಸೀಟಿನಲ್ಲಿ ಕೂತು ನನಗೆ ಗೊತ್ತಿದ್ದ ದೇವರ ಹೆಸರೆಲ್ಲ ಹೇಳುತ್ತಿದ್ದೆ.

"ಬರ್ರಿ ಅಕ್ಕಾರ, ಕುಂದರ್ರಿ. ಕ್ಲಚ್ ಸಾವಕಾಶ ಬಿಡ್ರಿ... ಸಾವಕಾಶ ಅಂದ್ನೆಲ್ರೀ!"

ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಕೋಟೆಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆಯ ಎಡಗಾಲು ಒಂದು ಹೇಳಿದರೆ ಬಲಗಾಲು ಇನ್ನೊಂದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಥೇಟ್ ಹಾಗೆ. ಮಾಸ್ತರರಿಗೆ ಬೇಜಾರು ಅನ್ನುವುದೇ ಗೊತ್ತಿರಲಿಲ್ಲ. "ಹೆದರಬ್ಯಾಡ್ರಿ, ನಾ ಅದೀನಿ. ಗೇರ್ ಹಾಕೂದು ಅಂದ್ರ ರೊಟ್ಟಿ ತಿರುವಿ ಹಾಕಿದಂಗ್ರಿ. ಅವಸರ ಮಾಡಿದ್ರ ಹರಿತೈತಿ, ತಡಾ ಮಾಡಿದ್ರ ಹೊತ್ತತೈತಿ." ಈ ಮಾತು ಅತ್ತೆಗೆ ತಾಗಿತು. ರೊಟ್ಟಿ ಅಂದ ಮೇಲೆ ಕೈಗೆ ಲೆಕ್ಕ ಸಿಕ್ಕಿತು. ಮರುದಿನದಿಂದ ಗೇರು ಬೆಣ್ಣೆಯಲ್ಲಿ ಚೂರಿ ಹೋದ ಹಾಗೆ ಬೀಳತೊಡಗಿತು.

ಕಲಿಸುವವರಿಗೂ ಬರ ಇರಲಿಲ್ಲ. ಹಾಲು ತರುವವ, ಪಕ್ಕದ ಮನೆಯ ಮೇಷ್ಟ್ರು, ಅಂಗಡಿಯ ಪೈ ಮಾಮ, ದೊಡ್ಡ ಮಾವ, ಎಲ್ಲರದ್ದೂ ಒಂದೊಂದು ಬೋಧನೆ. ಎಲ್ಲರ ಬೋಧನೆಯ ಕೊನೆಯಲ್ಲಿ ಒಂದೇ ಮಾತು: ಇಳಿಜಾರು ಬಂದ್ರೆ ಬಂದ್ ಮಾಡು. ಅತ್ತೆ ತಲೆ ಆಡಿಸಿ ಕೇಳುತ್ತಿದ್ದಳು, ಮಾಡುತ್ತಿರಲಿಲ್ಲ. ಅವಳಿಗೆ ಹೆದರಿಕೆ. "ಚಾಲೂ ಇದ್ದ ಗಾಡಿಯೇ ನನ್ನ ಮಾತು ಅರ್ಧ ಕೇಳ್ತದೆ. ಬಂದ್ ಆದದ್ದು ಕೇಳ್ತದಾ?" ಎರಡನೇ ಗೇರಿನಲ್ಲಿ ಗುಂಯ್ ಅನ್ನಿಸುತ್ತ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದು, ಇಂಚಿಂಚೇ ಇಳಿಯುತ್ತಿದ್ದಳು. "ಸುಮತಿ ಇಳಿಜಾರಲ್ಲೂ ಪೆಟ್ರೋಲು ಕುಡಿಸ್ತಾಳೆ" ಅಂತ ಕೇರಿಯಲ್ಲಿ ನಗೆಯಾಯಿತು. ಹೊಟ್ಟೆಗೆ ಹಾಕಿಕೊಂಡಳು. ನಾನು ಹಾಕಿಕೊಳ್ಳಲಿಲ್ಲ, ಪೈ ಮಾಮನ ಜೊತೆ ಅವರ ಅಂಗಡಿಯಲ್ಲೇ ಜಗಳ ಮಾಡಿ ಬೆಲ್ಲ ತಗೊಳ್ಳದೆ ಬಂದೆ.

ದೀಪಾವಳಿಯ ಆಚೀಚೆ ಪರೀಕ್ಷೆ. ಎಂಟರ ಅಂಕಿಯ ಆಕಾರದಲ್ಲಿ ಗಾಡಿ ಓಡಿಸಬೇಕಿತ್ತು. ಅತ್ತೆ ಹಿಂದಿನ ದಿನವೆಲ್ಲ ಅಕ್ಕಿಹಿಟ್ಟಿನಲ್ಲಿ ಅಂಗಳದಲ್ಲಿ ಎಂಟು ಬರೆದುಕೊಂಡು, ಅದರ ಮೇಲೆ ನಡೆದಳು. ಪಾಸಾದಳು. ಲೈಸನ್ಸ್ ಬಂದ ದಿನ ಅದನ್ನು ದೇವರ ಪಟದ ಮುಂದಿಟ್ಟು, ಸಿಹಿ ಮಾಡಿದಳು. ಮೊದಲ ಬಟ್ಟಲು ದೊಡ್ಡ ಮಾವನ ಮನೆಗೆ ನಾನೇ ಕೊಟ್ಟು ಬಂದೆ. ಸಂಜೆ ಅವರು ಬಂದರು. ಮುಖದಲ್ಲಿ ಸಂತೋಷ ಇತ್ತು, ಅದರ ಹಿಂದೆ ಇನ್ನೊಂದು ಇತ್ತು.

"ಕಲಿತೆ, ಸೈ. ನಾ ಸೋತೆ. ಆದ್ರೆ ಲೈಸನ್ಸ್ ಬೇರೆ, ರಸ್ತೆ ಬೇರೆ ಸುಮತೀ. ಒಬ್ಬಳೇ ಹೋಗಿ ನಿಂಗೆ ಎಂತಾದ್ರೂ ಆದ್ರೆ, ಮೇಲೆ ಹೋದ ಮೇಲೆ ನಾ ತಮ್ಮಂಗೆ ಎಂತ ಹೇಳ್ಲಿ? ಅದೊಂದು ಕೇಳ್ಬೇಡ ನನ್ನ ಹತ್ರ."

ಹೇಳುವಾಗ ಅವರ ದನಿ ಒಡೆಯಿತು. ಸಿಟ್ಟು ಮಾಡಿದವರ ಎದುರು ಸಿಟ್ಟು ಮಾಡಬಹುದು. ಅತ್ತಾಗ ಎಂತ ಮಾಡೂದು? ಆಮೇಲಿನ ತಿಂಗಳುಗಳಲ್ಲಿ ಅತ್ತೆ ಗಾಡಿ ಓಡಿಸಿದಳು, ಎಡಗಡೆ ದೊಡ್ಡ ಮಾವ ಕೂತು. ಅವರ ಪೂಜೆ, ತಿಂಡಿ, ಪೇಪರು ಎಲ್ಲ ಮುಗಿದ ಮೇಲೆ. ಲೈಸನ್ಸ್ ಸಿಕ್ಕಿತ್ತು, ಜಗಲಿಯ ಮೇಲೆ ಕೂರುವುದು ತಪ್ಪಿರಲಿಲ್ಲ.

ಚಳಿಗಾಲ ಮುಗಿಯುವಾಗ ಸ್ವಿಫ್ಟ್ ಬಂತು, ಬೆಳ್ಳಿ ಬಣ್ಣದ್ದು. ಗಾಲಿಯಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಮಾರಿಕಾಂಬೆಗೆ ಕೈ ಮುಗಿಸಿ ತಂದರು. ಕೇರಿಯ ಜನರೆಲ್ಲ ಒಮ್ಮೊಮ್ಮೆ ಒಳಗೆ ಕೂತು ಎದ್ದರು. ದೊಡ್ಡ ಮಾವ ಒಂದೇ ಬೆರಳಿನಲ್ಲಿ ಸ್ಟೇರಿಂಗು ತಿರುಗಿಸಿ ತೋರಿಸಿದರು. "ನೋಡಿ, ನೋಡಿ! ಪವರ್ ಸ್ಟೇರಿಂಗು. ತಾನೇ ತಿರುಗ್ತದೆ, ನಾವು ಹೇಳಿದ್ರೆ ಸಾಕು." ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಅದರ ಪಕ್ಕದಲ್ಲಿ ನಮ್ಮ ಕೆಂಪು ಗಾಡಿ ಮಳೆಗೆ ನೆನೆದು ಕುಗ್ಗಿದ ಹಾಗೆ ಕಾಣಿಸುತ್ತಿತ್ತು. ಅದೇ ವಾರ ಎಕ್ಕಂಬಿಯವರೊಬ್ಬರು ಹಳೇ ಗಾಡಿ ಕೊಳ್ಳುತ್ತೇನೆ ಅಂದರು, ಮುಂದಿನ ಭಾನುವಾರ ಬರುತ್ತೇನೆ ಅಂತ ಹೇಳಿ ಕಳಿಸಿದರು. ದೊಡ್ಡ ಮಾವ ಅತ್ತೆಯ ಕಿವಿಗೆ ಹಾಕಿದರು. "ಹೇಗೂ ನಾವಿಬ್ಬರೂ ಒಟ್ಟಿಗೇ ಹೋಗೂದು. ಆರಾಮಾದ ಗಾಡಿಯಲ್ಲೇ ಹೋಗ್ವ" ಅಂದರು. ಅವತ್ತು ಅತ್ತೆ ರುಬ್ಬಿದ ಸಾಸಿವೆಯ ಖಾರಕ್ಕೆ ಮನೆಯೆಲ್ಲ ಕೆಮ್ಮಿತು.

ಆ ಭಾನುವಾರಕ್ಕೆ ಮೊದಲೇ ಮಿಡಿ ಬಂತು. ಮಾವಿನಮಿಡಿ ನಮಗೆ ಕಾಯುವುದಿಲ್ಲ, ನಾವೇ ಅದಕ್ಕೆ ಕಾಯಬೇಕು. ಬೇಡ್ತಿ ಹೊಳೆಯ ದಡದ ಮರಗಳ ಅಪ್ಪೆಮಿಡಿ ಅಂದರೆ ಅತ್ತೆಗೆ ಪ್ರಾಣ. ತೊಟ್ಟು ಮುರಿಯದೆ ಕೊಯ್ದು, ಅದೇ ದಿನ ಉಪ್ಪಿಗೆ ಹಾಕಬೇಕು. ಒಂದು ದಿನ ತಡವಾದರೆ ಮಿಡಿ ಮೆತ್ತಗಾಗುತ್ತದೆ, ವರ್ಷದ ಉಪ್ಪಿನಕಾಯಿ ಹಾಳು. ಮಂಚಿಕೇರಿ ದಾಟಿ ಹೊಳೆಯಾಚೆ ಇರುವ ಹೆಗಡೆಯವರು, ಕೊಯ್ಲು ಆಗಿದೆ, ಬೇಗ ಬನ್ನಿ ಅಂತ ಫೋನು ಮಾಡಿದರು. ಸ್ವಿಫ್ಟಿನಲ್ಲೇ ಹೊರಟೆವು. ದೊಡ್ಡ ಮಾವ ಓಡಿಸುವುದು, ಅತ್ತೆ ಎಡಗಡೆ, ಹಿಂದೆ ಖಾಲಿ ಬುಟ್ಟಿಗಳ ಜೊತೆ ನಾನು.

ಬೆಳಗಿನ ಹೊತ್ತು, ತಂಪಾಗಿತ್ತು. ದೊಡ್ಡ ಮಾವ ಏಸಿ ಹಾಕಿ ತೋರಿಸಿದರು, ತೆಗೆದು ತೋರಿಸಿದರು. ಬೇಡ್ತಿಯ ಕಡೆಗೆ ರಸ್ತೆ ಇಳಿಯಲು ಶುರುವಾಯಿತು. ಅವರ ಮುಖ ಅರಳಿತು.

"ಇಲ್ಲಿಂದ ಸೇತುವೆ ತನಕ ಒಂದು ಹನಿ ಪೆಟ್ರೋಲು ಬೇಡ, ನೋಡು!"

ಕೈ ತಾನಾಗಿ ಕೀಲಿಗೆ ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಇಂಜಿನ್ ನಿಂತಿತು. ಒಂದು ಕ್ಷಣ ಎಷ್ಟು ಚಂದ ಇತ್ತು ಅಂದರೆ, ಗಾಳಿಯದ್ದೊಂದೇ ಸದ್ದು. ಆಮೇಲೆ ತಿರುವು ಬಂತು. ದೊಡ್ಡ ಮಾವ ಸ್ಟೇರಿಂಗು ತಿರುಗಿಸಲು ಹೋದರು, ಅದು ತಿರುಗಲಿಲ್ಲ. ಒಂದು ಬೆರಳಿಗೆ ಬರುತ್ತಿದ್ದದ್ದು ಎರಡು ಕೈಗೂ ಬರಲೊಲ್ಲದು. "ಎಂತ ಆಯ್ತು ಇದಕ್ಕೆ!" ಅನ್ನುತ್ತ ಹಳೇ ರೂಢಿಯಲ್ಲಿ ಬ್ರೇಕನ್ನು ಪುಕ್ ಪುಕ್ ಒತ್ತಿದರು. ಮೊದಲ ಸಲ ಹಿಡಿಯಿತು, ಎರಡನೇ ಸಲ ಅರ್ಧ ಹಿಡಿಯಿತು, ಆಮೇಲೆ ಅದು ಕಲ್ಲಾಯಿತು. ಎದುರಿನಿಂದ ಲಾರಿಯೊಂದು ಹಾರನ್ ಹಾಕುತ್ತ ಏರಿ ಬರುತ್ತಿತ್ತು. ನಾನು ಬುಟ್ಟಿಯೊಂದನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದೆ.

"ಭಾವ, ಎಡಕ್ಕೆ! ದರೆಗೆ ಬಿಡಿ, ದರೆಗೆ!"

ಅದು ಅತ್ತೆಯ ದನಿ. ಅಷ್ಟು ದೊಡ್ಡ ದನಿ ಅವಳಲ್ಲಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವಳ ಎಡಗೈ ದೊಡ್ಡ ಮಾವನ ಕೈಗಳ ಜೊತೆ ಸ್ಟೇರಿಂಗಿನ ಮೇಲೆ, ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ. ಒಮ್ಮೆಗೇ ಎಳೆಯಲಿಲ್ಲ, ಸ್ವಲ್ಪ ಎಳೆದು, ಸಡಿಲ ಬಿಟ್ಟು, ಮತ್ತೆ ಸ್ವಲ್ಪ ಎಳೆದು. ಬಸಣ್ಣ ಮಾಸ್ತರರು ಎಡಗಡೆ ಕೂತು ಮಾಡುತ್ತಿದ್ದದ್ದನ್ನು ಅವಳು ದಿನಾ ನೋಡಿದ್ದಳಲ್ಲ. ಗಾಡಿಯ ಎಡ ಮೈ ರಸ್ತೆ ಬದಿಯ ಮಣ್ಣಿನ ದರೆಗೆ ಕರಕರ ಉಜ್ಜಿಕೊಂಡು ಹೋಗಿ ನಿಂತಿತು. ಲಾರಿಯವ ಮರಾಠಿಯಲ್ಲಿ ನಮ್ಮ ಹಿರಿಯರನ್ನೆಲ್ಲ ನೆನೆದು ಮೇಲೆ ಹೋದ.

ದರೆಯ ಮೇಲಿನಿಂದ ಒಣ ಮಣ್ಣು ಬಾನೆಟ್ಟಿನ ಮೇಲೆ ಉದುರುತ್ತಿತ್ತು. ದೊಡ್ಡ ಮಾವನ ಕೈಗಳು ಇನ್ನೂ ಸ್ಟೇರಿಂಗನ್ನು ಬಿಟ್ಟಿರಲಿಲ್ಲ.

"ಹೊಸಾ ಗಾಡಿ... ಎಂತ ದೋಷ ಇದ್ದೀತು?" ಅಂದರು ಕಡೆಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನನ್ನ ನಾಲಿಗೆಯ ತುದಿಗೆ ಬಂತು, ಅವರ ಕೈ ನೋಡಿ ನುಂಗಿಕೊಂಡೆ.

"ಗಾಡಿಗೆ ಎಂತದೂ ದೋಷ ಇಲ್ಲ ಭಾವ" ಅಂದಳು ಅತ್ತೆ, ಅವಳ ಮಾಮೂಲು ಮೆತ್ತಗಿನ ದನಿಯಲ್ಲಿ. "ನೀವೇ ಹೇಳಿದ್ರಲ್ಲ, ತಾನೇ ತಿರುಗ್ತದೆ ಅಂತ. ಅದಕ್ಕೆ, ಬ್ರೇಕಿಗೆ ಎಲ್ಲ ಶಕ್ತಿ ಇಂಜಿನ್ನಿಂದ ಅಲ್ದಾ? ಅದನ್ನೇ ಬಂದ್ ಮಾಡಿದ್ರೆ ಪಾಪ, ಅದು ಎಂತ ಮಾಡ್ತದೆ?"

"ಮನೆಗೆ ಹೋಗ್ವ" ಅಂದರು ದೊಡ್ಡ ಮಾವ. "ನಂಗೆ ಆಗೂದಿಲ್ಲ ಈಗ."

"ಮಿಡಿ ಕೊಯ್ದಿಟ್ಟಿದಾರೆ ಭಾವ. ನೀವು ಇಳಿದು ಹಿಂದೆ ಕೂತ್ಕೊಳ್ಳಿ."

ಅವರು ಇಳಿದರು, ನಾನು ಬುಟ್ಟಿ ಸರಿಸಿ ಜಾಗ ಮಾಡಿದೆ. ಅತ್ತೆಯ ಬದಿಯ ಬಾಗಿಲು ದರೆಗೆ ಒತ್ತಿಕೊಂಡು ತೆರೆಯುವ ಹಾಗಿರಲಿಲ್ಲ. ಅವಳು ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಗೇರಿನ ಮೇಲಿಂದ ದಾಟಿ, ಆಚೆ ಸೀಟಿನಲ್ಲಿ ಕೂತಳು. ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ಸರಿ ಮಾಡಿದಳು, ಕೀಲಿ ತಿರುಗಿಸಿದಳು. ಸ್ವಿಫ್ಟ್ ಒಂದೇ ಸಲಕ್ಕೆ ಎದ್ದಿತು. ಬೇಡ್ತಿಯ ಉಳಿದ ಇಳಿಜಾರು ಪೂರಾ ಎರಡನೇ ಗೇರಿನಲ್ಲಿ, ಗುಂಯ್ ಅಂತ, ಇಂಚಿಂಚೇ. ಪೆಟ್ರೋಲಿನ ಮಾತು ಹಿಂದಿನ ಸೀಟಿನಿಂದ ಬರಲಿಲ್ಲ.

ಹೆಗಡೆಯವರು ಅಂಗಳದಲ್ಲೇ ನಿಂತಿದ್ದರು. "ಎಂತ ಇಷ್ಟೊತ್ತು? ಆನು ಬೆಳಗಿಂದ ಕಾಯ್ತಾ ಇದ್ದೆ. ಬಿಸಿಲು ಬಿದ್ರೆ ಮಿಡಿ ಬಾಡ್ತು" ಅನ್ನುತ್ತ ಬಂದವರು ಗಾಡಿಯ ಬದಿ ನೋಡಿ ಬಾಯಿ ಮೇಲೆ ಕೈ ಇಟ್ಟರು. ಅವರ ಕಣ್ಣು ಸ್ಟೇರಿಂಗು ಹಿಡಿದು ಕೂತ ಅತ್ತೆಯ ಕಡೆ ಹೋಯಿತು. ಹೋಗುವುದು ಸಹಜ. ಅಷ್ಟರಲ್ಲಿ ದೊಡ್ಡ ಮಾವ ಹಿಂದಿನಿಂದ ಇಳಿದು, ಮೊದಲೇ ಹೇಳಿದರು: "ಅವಳಲ್ಲ ಹೆಗಡೇರೆ, ನಾನು. ಅವಳಿಂದ ಮೂರೂ ಜನ ಉಳಿದ್ವಿ." ಕೇರಿಗೇ ಹಿರಿಯ ಅನ್ನಿಸಿಕೊಂಡ ಗಂಡಸು ಹೀಗೆ ಮುಖ ಎತ್ತಿ ಹೇಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವತ್ತಿಂದ ನಾನು ಮನಸ್ಸಿನಲ್ಲೇ ಅವರ ಜೊತೆ ಆಡುತ್ತಿದ್ದ ಜಗಳ ಬಿಟ್ಟೆ.

ವಾಪಸು ಬರುವಾಗ ಅವರ ತೊಡೆಯ ಮೇಲೊಂದು ಮಿಡಿ ಬುಟ್ಟಿ, ನನ್ನ ತೊಡೆಯ ಮೇಲೊಂದು. ಹೊಸ ಗಾಡಿಯ ತುಂಬ ಮಾವಿನ ಸೊನೆಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿ, ಸಂಜೆಯೊಳಗೆ ಮಿಡಿಯೆಲ್ಲ ಉಪ್ಪಿಗೆ ಬಿತ್ತು. ದೊಡ್ಡ ಮಾವನೂ ಒಂದು ಮಣೆ ಹಾಕಿಕೊಂಡು ಕೂತು, ಮುರಿದ ತೊಟ್ಟಿನವು ಬೇರೆ ಮಾಡಿ ಕೊಟ್ಟರು. ಗಾಡಿಯ ಮಾತು ಆಡಲಿಲ್ಲ, ನಾವೂ ಆಡಲಿಲ್ಲ.

ಭಾನುವಾರ ಎಕ್ಕಂಬಿಯವರು ಬಂದರು. ಅತ್ತೆ ಒಳಗೆ ಇದ್ದಳು, ನಾನು ಬಾಗಿಲ ಹಿಂದೆ ಕಿವಿಯಾಗಿದ್ದೆ. ದೊಡ್ಡ ಮಾವ ಅವರಿಗೆ ಚಹಾ ಕೊಡಿಸಿ, ಬೆಳೆಯ ವಿಷಯ ಕೇಳಿ, ಮಗಳ ಮದುವೆ ವಿಚಾರಿಸಿ, ಕೊನೆಗೆ "ನಿಮಗೆ ತೊಂದರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ. ಗಾಡಿ ಕೊಡೂದಿಲ್ಲ. ಅದರ ಯಜಮಾನ್ತಿಗೆ ಬೇಕು" ಅಂದರು. ಅವರನ್ನು ಗೇಟಿನ ತನಕ ಬಿಟ್ಟು ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ಅತ್ತೆಯ ಬೆನ್ನಿಗೆ ಹೇಳಿದರು:

"ಒಬ್ಬಳೇ ಹೋಗು ಅಂತ ನನ್ನ ಬಾಯಲ್ಲಿ ಬರೂದಿಲ್ಲ ಸುಮತೀ, ಬಂದದ್ದೇ ಇಲ್ಲ. ಆದ್ರೆ ಬೇಡ ಅಂತ ಇನ್ನು ಹೇಳೂದಿಲ್ಲ."

ಅತ್ತೆ ತಿರುಗಿ ನೋಡಲಿಲ್ಲ. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆ ಬರುವ ತನಕ ಹಾಗೇ ನಿಂತಿದ್ದಳು. ಅವರು ಹೋದ ಮೇಲೆ ನಾನು ಹೋಗಿ ಒಲೆ ಸಣ್ಣ ಮಾಡಿದೆ.

ಅವತ್ತು ಊಟವಾಗಿ ನಾನೊಂದು ನಿದ್ದೆ ತೆಗೆದು ಎದ್ದರೆ ಅಂಗಳದಲ್ಲಿ ಸ್ವಿಫ್ಟ್ ಒಂದೇ ನಿಂತಿದೆ. ಅದರ ಪಕ್ಕ ಖಾಲಿ. ಮನೆಯೆಲ್ಲ ಹುಡುಕಿದೆ, ಅತ್ತೆ ಇಲ್ಲ. ದೊಡ್ಡ ಮಾವ ಆಗಲೇ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು.

"ಎಲ್ಲಿಗೆ ಹೋದ್ಳೇ? ಯಲ್ಲಾಪುರದವರು ಭರಣಿ ಕೇಳಿದ್ರಾ?"

"ಇಲ್ಲ. ಭರಣಿ ಎಲ್ಲ ಇಲ್ಲೇ ಇದೆ."

"ಸಿದ್ದಾಪುರದಲ್ಲಿ ಯಾರಿಗಾದ್ರೂ ಹುಷಾರಿಲ್ವಾ?"

"ನಂಗೆ ಗೊತ್ತಿಲ್ಲ ದೊಡ್ಡ ಮಾವ."

ಬೇಡ ಅಂತ ಹೇಳುವುದಿಲ್ಲ ಅಂದಿದ್ದರಲ್ಲ, ಹೇಳಲಿಲ್ಲ. ಆದರೆ ಅವರ ನಡಿಗೆ ನಿಲ್ಲಲಿಲ್ಲ. ಬಿಸಿಲು ಇಳಿಯಿತು, ದನಗಳು ಬಂದವು. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಆ ಗುಂಯ್ ಸದ್ದು ಕೇಳಿತು. ಕೆಂಪು ಗಾಡಿ ಗೇಟಿನೊಳಗೆ ಬಂದು, ಮೆತ್ತಗೆ, ತನ್ನ ಜಾಗದಲ್ಲೇ ನಿಂತಿತು. ಅತ್ತೆ ಇಳಿದಳು. ಕೈಯಲ್ಲಿ ಚೀಲ ಇಲ್ಲ, ಪೊಟ್ಟಣ ಇಲ್ಲ, ಎಂತದೂ ಇಲ್ಲ.

"ಎಲ್ಲಿಗೆ ಹೋಗಿದ್ಯೇ?" ದೊಡ್ಡ ಮಾವ ಕೇಳಿದರು, ಆದಷ್ಟು ಸಣ್ಣ ದನಿಯಲ್ಲಿ.

"ಗುಡ್ನಾಪುರಕ್ಕೆ."

"ಅಲ್ಲಿ ಯಾರಿದಾರೆ ನಮ್ಮವ್ರು?"

"ಯಾರೂ ಇಲ್ಲ. ಕೆರೆ ಇದೆ. ದಂಡೆ ಮೇಲೆ ಕೂತಿದ್ದೆ."

"ಎಂತ ಕೆಲಸ ಇತ್ತು?"

"ಕೆಲಸ ಇರಲಿಲ್ಲ ಭಾವ." ಅತ್ತೆ ಗಾಡಿಯ ಬಾಗಿಲು ಹಾಕಿ, ಅದಕ್ಕೆ ಬೆನ್ನು ಆನಿಸಿ ನಿಂತಳು. "ಮದುವೆ ಆಗಿ ಬಂದಾಗಿಂದ ಕೆಲಸ ಇಲ್ಲದೆ ಎಲ್ಲಿಗೂ ಹೋದದ್ದೇ ಇಲ್ಲ ನಾನು. ಸುಮ್ನೆ ಹೋಗೂದು ಅಂದ್ರೆ ಹೇಗಿರ್ತದೆ ನೋಡ್ವ ಅನ್ನಿಸ್ತು."

ದೊಡ್ಡ ಮಾವ ಹೋಗಿ ಜಗಲಿಯ ಮೇಲೆ ಕೂತರು. ಆಮೇಲೆ ಕೇಳಿದರು:

"ಹೇಗಿತ್ತು?"

"ಚಲೋ ಇತ್ತು" ಅಂದಳು ಅತ್ತೆ. "ನಾಳೆ ಸಹ ಹೋಗ್ತೆ."